ಪೆಟ್ಟಿಗೆಯ ಮೇಲೆ ಮುದ್ರಿಸದ ದಿನಾಂಕ

ಈ ಲೇಖನವನ್ನು ಮುಂದೆ ಓದುವ ಮೊದಲು ನಿಮ್ಮ ಫೋನನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಸೆಟ್ಟಿಂಗ್ಸ್ ತೆರೆದು, ಫೋನಿನ ವಿವರಗಳಿರುವ ಪುಟಕ್ಕೆ ಹೋಗಿ. ನಿಮ್ಮದು ಆಂಡ್ರಾಯ್ಡ್ ಫೋನಾಗಿದ್ದರೆ ಅಲ್ಲಿ ಎರಡು ಸಂಗತಿಗಳು ಕಾಣಸಿಗುತ್ತವೆ. ಒಂದು, ಆಂಡ್ರಾಯ್ಡ್ ಆವೃತ್ತಿಯ ಸಂಖ್ಯೆ. ಇನ್ನೊಂದು, ಭದ್ರತಾ ತೇಪೆಯ ದಿನಾಂಕ. ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಕಳೆದ ವರ್ಷ ನಮ್ಮ ಬಿ.ಎಸ್‌ಸಿ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳಿಂದ ಇದನ್ನೇ ಮಾಡಿಸಿದೆ. ಆ ದಿನದ ಉದ್ದೇಶ ಬೇರೆಯೇ ಆಗಿತ್ತು. ಫೋನಿನೊಳಗಿರುವ ವೇಗೋತ್ಕರ್ಷಮಾಪಕವನ್ನು ಬಳಸಿ ಲೋಲಕದ ಆಂದೋಲನ ಅವಧಿಯನ್ನು ಅಳೆಯಬೇಕಿತ್ತು. ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಫೈಫಾಕ್ಸ್ ಎಂಬ ಉಚಿತ ಆಪ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಒಂದು ಫೋನು ಸೆಕೆಂಡಿಗೆ ನೂರು ಅಳತೆಗಳನ್ನು ಕೊಟ್ಟರೆ ಪಕ್ಕದ ಮೇಜಿನದು ನಾನೂರು ಕೊಡುತ್ತಿತ್ತು. ಕಾರಣ ಹುಡುಕುವ ನೆಪದಲ್ಲಿ ಇಪ್ಪತ್ತೆರಡು ಫೋನುಗಳ ಆವೃತ್ತಿ ಮತ್ತು ತೇಪೆಯ ದಿನಾಂಕಗಳನ್ನು ಕಪ್ಪು ಹಲಗೆಯ ಮೇಲೆ ಬರೆಸಿದೆ. ಅಳತೆಯ ವ್ಯತ್ಯಾಸಕ್ಕೆ ಕಾರಣ ಬಹುಮಟ್ಟಿಗೆ ಸಂವೇದಕದ ಚಿಪ್ಪಿನಲ್ಲಿತ್ತು. ಹಲಗೆ ಮಾತ್ರ ಬೇರೊಂದು ಕಥೆಯನ್ನು ಹೇಳತೊಡಗಿತು. ಆಂಡ್ರಾಯ್ಡ್ 9ರಿಂದ 15ರ ವರೆಗೆ ಆರು ಆವೃತ್ತಿಗಳು. ತೇಪೆಯ ದಿನಾಂಕ ಹಿಂದಿನ ತಿಂಗಳಿನಿಂದ ಹಿಡಿದು 2019ರ ವರೆಗೆ. ಒಂದೇ ಅಂಗಡಿಯಲ್ಲಿ, ಒಂದೇ ವಾರದಲ್ಲಿ, ಹೆಚ್ಚುಕಡಿಮೆ ಒಂದೇ ಬೆಲೆಗೆ ಕೊಂಡ ಎರಡು ಫೋನುಗಳ ನಡುವೆ ಎರಡು ವರ್ಷಗಳ ಅಂತರ.

2019ರ ದಿನಾಂಕದ ಫೋನಿನ ಹುಡುಗಿ ಕೇಳಿದಳು: "ಸರ್, ಇದು ಕೆಟ್ಟಿಲ್ಲವಲ್ಲ?" ಕೆಟ್ಟಿರಲಿಲ್ಲ. ಆ ದಿನ ಗುರುತ್ವ ವೇಗೋತ್ಕರ್ಷಕ್ಕೆ ಪಠ್ಯಪುಸ್ತಕದ ಬೆಲೆಗೆ ತೀರಾ ಹತ್ತಿರದ ಉತ್ತರ ಬಂದದ್ದು ಅವಳ ಫೋನಿನಿಂದಲೇ.

ಅವಳ ಪ್ರಶ್ನೆಯೇ ಈ ಲೇಖನದ ವಿಷಯ. ಯಂತ್ರವಾಗಿ ಸುಸ್ಥಿತಿಯಲ್ಲಿರುವ ಒಂದು ವಸ್ತು ತಂತ್ರಾಂಶದ ದೃಷ್ಟಿಯಿಂದ ಸತ್ತುಹೋಗುವುದು ಹೇಗೆ? ಆ ಸಾವಿನ ದಿನವನ್ನು ಗೊತ್ತುಮಾಡುವವರು ಯಾರು? ಕೊಳ್ಳುವವರಿಗೆ ಅದನ್ನು ಮೊದಲೇ ಏಕೆ ತಿಳಿಸುವುದಿಲ್ಲ?

ಹೊಣೆಯಿಲ್ಲದ ಸರಪಳಿ

ಒಂದೇ ಹೆಸರಿನ ಕಾರ್ಯಾಚರಣ ವ್ಯವಸ್ಥೆ ಬೇರೆ ಬೇರೆ ಸಾಧನಗಳಲ್ಲಿ ಬೇರೆ ಬೇರೆ ಆವೃತ್ತಿ, ಬೇರೆ ಬೇರೆ ರೂಪಗಳಲ್ಲಿ ಹರಡಿಹೋಗುವುದನ್ನು ತಂತ್ರಜ್ಞರು ಫ್ರಾಗ್ಮೆಂಟೇಶನ್ ಎನ್ನುತ್ತಾರೆ. ನಾವು ಛಿದ್ರೀಕರಣ ಎನ್ನೋಣ. ಲಂಡನ್ನಿನ ಓಪನ್‌ಸಿಗ್ನಲ್ ಸಂಸ್ಥೆ ತನ್ನ ಆಪ್ ಬಳಸುವ ಆಂಡ್ರಾಯ್ಡ್ ಸಾಧನಗಳ ಮಾದರಿಗಳನ್ನು ಎಣಿಸುತ್ತಿತ್ತು. 2012ರಲ್ಲಿ ಅದು ಕಂಡ ಮಾದರಿಗಳು 3,997. 2015ರ ಹೊತ್ತಿಗೆ ಅವು 24,093 ಆಗಿದ್ದವು.

ವೈವಿಧ್ಯ ತಾನಾಗಿಯೇ ದೋಷವಲ್ಲ. ಕೆಲವೇ ಸಾವಿರ ರೂಪಾಯಿಗೆ ಹಳ್ಳಿಯ ಅಂಗಡಿಯಲ್ಲೂ ಸ್ಮಾರ್ಟ್‌ಫೋನ್ ಸಿಗುವಂತಾದುದು ಆಂಡ್ರಾಯ್ಡಿನ ಆಕರ ಸಂಕೇತ ಎಲ್ಲರಿಗೂ ಮುಕ್ತವಾಗಿರುವುದರಿಂದಲೇ. ಪ್ರಶ್ನೆ ಇರುವುದು ಮಾದರಿಗಳ ಸಂಖ್ಯೆಯಲ್ಲಲ್ಲ. ಗೂಗಲ್ ಒಂದು ತಿದ್ದುಪಡಿ ಮಾಡಿದರೆ ಅದು ಅಷ್ಟೂ ಮಾದರಿಗಳನ್ನು ತಲುಪುತ್ತದೆಯೇ ಎಂಬುದರಲ್ಲಿದೆ.

ನಿಮ್ಮ ಕಾಲೇಜಿನ ಗಣಕಯಂತ್ರವನ್ನು ನೆನೆಯಿರಿ. ಯಾವ ಕಂಪನಿ ಜೋಡಿಸಿದ್ದಾದರೂ ಸರಿ, ಒಂದೇ ಲಿನಕ್ಸ್ ಅಥವಾ ವಿಂಡೋಸ್ ಪ್ರತಿಯನ್ನು ಅದರಲ್ಲಿ ಅನುಸ್ಥಾಪಿಸಬಹುದು. ಗಣಕದ ಒಳಗಿನ ಸಂಪರ್ಕ ಮಾರ್ಗಕ್ಕೆ ಜೋಡಿಸಿದ ಪ್ರತಿಯೊಂದು ಭಾಗವೂ ಕೇಳಿದಾಗ ತನ್ನ ಗುರುತನ್ನು ಹೇಳುತ್ತದೆ. ಉಳಿದ ವಿವರಗಳನ್ನು ಗಣಕದಲ್ಲೇ ಅಡಕವಾಗಿರುವ ಕೋಷ್ಟಕಗಳು ಒದಗಿಸುತ್ತವೆ. ಹಾಗಾಗಿ ಹೊಸ ಕಾರ್ಯಾಚರಣ ವ್ಯವಸ್ಥೆ ಯಂತ್ರವನ್ನು 'ವಿಚಾರಿಸಿ' ತಿಳಿದುಕೊಳ್ಳಬಲ್ಲದು. ಫೋನಿನ ಚಿಪ್ಪಿನಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ಕ್ಯಾಮೆರಾ, ಪರದೆ, ರೇಡಿಯೊ ಮುಂತಾದವುಗಳ ನಿಯಂತ್ರಕಗಳು ನಿಗದಿತ ವಿಳಾಸಗಳಲ್ಲಿ ಮೌನವಾಗಿ ಕುಳಿತಿರುತ್ತವೆ. ಯಾವುದು ಎಲ್ಲಿದೆ ಎಂಬುದನ್ನು ತಂತ್ರಾಂಶಕ್ಕೆ ಮೊದಲೇ ಬರೆದುಕೊಡಬೇಕು. ಅಂದರೆ ಪ್ರತಿಯೊಂದು ಮಾದರಿಗೂ ಅದರದೇ ಕರ್ನೆಲ್ ಬೇಕು.

ಈಗ ಸರಪಳಿಯನ್ನು ನೋಡಿ. ಲಿನಕ್ಸ್ ಸಮುದಾಯ ಕರ್ನೆಲ್ಲನ್ನು ಸಿದ್ಧಪಡಿಸುತ್ತದೆ. ಗೂಗಲ್ ಅದನ್ನು ಆಂಡ್ರಾಯ್ಡಿಗೆ ಒಗ್ಗಿಸುತ್ತದೆ. ಕ್ವಾಲ್‌ಕಾಮ್, ಮೀಡಿಯಾಟೆಕ್‌ನಂಥ ಚಿಪ್ ತಯಾರಕರು ಅದಕ್ಕೆ ಲಕ್ಷಾಂತರ ಸಾಲುಗಳನ್ನು ಸೇರಿಸಿ ತಮ್ಮ ಚಿಪ್ಪಿಗೆ ಹೊಂದಿಸುತ್ತಾರೆ. ಫೋನು ತಯಾರಕರು ಅದರ ಮೇಲೆ ತಮ್ಮ ಚಾಲಕ ತಂತ್ರಾಂಶಗಳನ್ನೂ ತಮ್ಮದೇ ಬಣ್ಣ ಬೆಡಗಿನ ಹೊದಿಕೆಯನ್ನೂ ಹೊದಿಸುತ್ತಾರೆ. ಅಮೆರಿಕದಂಥ ದೇಶಗಳಲ್ಲಿ ದೂರಸಂಪರ್ಕ ಕಂಪನಿಗಳೂ ತಮ್ಮ ಪರೀಕ್ಷೆ ನಡೆಸುತ್ತವೆ. ಕೊನೆಗೆ ನೀವು. ಮೇಲಿನ ಯಾವ ಒಂದು ಕೊಂಡಿ ಕೈಬಿಟ್ಟರೂ ಕೆಳಗಿನವರಿಗೆ ಏನೂ ಬರುವುದಿಲ್ಲ. ಕೇಳಿದರೆ ಪ್ರತಿಯೊಬ್ಬರೂ ಪಕ್ಕದ ಕೊಂಡಿಯತ್ತ ಬೆರಳು ತೋರಿಸುತ್ತಾರೆ. ನೀವು ಹಣ ಕೊಟ್ಟದ್ದು ಒಬ್ಬರಿಗೆ, ತಿದ್ದುಪಡಿ ಬರಬೇಕಾದುದು ಇನ್ನೊಬ್ಬರಿಂದ, ನಡುವೆ ನಿಂತವರು ಮೂರನೆಯವರು.

ಇದರಲ್ಲಿ ಅತಿ ಬಿಗಿಯಾದ ಗಂಟು ಚಿಪ್ ತಯಾರಕರದು. ಚಿತ್ರ ಸಂಸ್ಕಾರಕ, ಮೋಡೆಮ್ ಇವುಗಳ ಚಾಲಕ ತಂತ್ರಾಂಶದ ಆಕರ ಸಂಕೇತವನ್ನು ಅವರು ಸಾಮಾನ್ಯವಾಗಿ ಬಿಟ್ಟುಕೊಡುವುದಿಲ್ಲ. ಯಂತ್ರಭಾಷೆಗೆ ಪರಿವರ್ತಿಸಿದ ಪ್ರತಿಯಷ್ಟೇ ಫೋನು ತಯಾರಕರ ಕೈ ಸೇರುತ್ತದೆ. ಲಿನಕ್ಸ್‌ನ ಒಳಗಿನ ಕೂಡುಗೆರೆಗಳನ್ನು ಅದರ ನಿರ್ಮಾಪಕರು ಉದ್ದೇಶಪೂರ್ವಕವಾಗಿಯೇ ಸ್ಥಿರವಾಗಿ ಇಟ್ಟಿಲ್ಲ. ಹೀಗಾಗಿ ಕರ್ನೆಲ್ ಬದಲಾದರೆ ಹಳೆಯ ಚಾಲಕ ಕೆಲಸಕ್ಕೆ ಬಾರದು; ಹೊಸದನ್ನು ಚಿಪ್ ತಯಾರಕರೇ ಕೊಡಬೇಕು. ಅವರಿಗಾದರೋ ಹಳೆಯ ಚಿಪ್ಪಿನಿಂದ ಇನ್ನು ಆದಾಯವಿಲ್ಲ.

ಕನ್ನಡದ ಖಾಲಿ ಚೌಕಗಳು

ಇದೆಲ್ಲ ಎಂಜಿನಿಯರುಗಳ ತಲೆನೋವು, ನಮಗೇನು ಎನ್ನಬೇಡಿ. 2010-12ರ ಸುಮಾರಿನಲ್ಲಿ ಆಂಡ್ರಾಯ್ಡ್ ಫೋನು ಕೊಂಡವರಿಗೆ ಒಂದು ದೃಶ್ಯ ನೆನಪಿರಬಹುದು. ಕನ್ನಡದ ಯಾವುದೇ ಪುಟ ತೆರೆದರೂ ಸಾಲು ಸಾಲು ಖಾಲಿ ಚೌಕಗಳು. ಕೆಲವು ಫೋನುಗಳಲ್ಲಿ ಅಕ್ಷರಗಳೇನೋ ಬರುತ್ತಿದ್ದವು, ಒತ್ತಕ್ಷರಗಳು ಮಾತ್ರ ಕಳಚಿಕೊಂಡು ಬಿದ್ದಿರುತ್ತಿದ್ದವು. 'ವಿದ್ಯಾರ್ಥಿ' ಎಂಬ ಪದದಲ್ಲಿ ಯಕಾರದ ಒತ್ತು ಕೆಳಗಿಳಿಯಬೇಕು, ಅರ್ಕಾವೊತ್ತು ಥಿಕಾರದ ಬಲಕ್ಕೆ ಸರಿಯಬೇಕು. ಯೂನಿಕೋಡ್ ಸಂಕೇತಗಳ ಸಾಲನ್ನು ಹೀಗೆ ಜೋಡಿಸಿ ಚಿತ್ರಿಸುವ ಕೆಲಸ ಆಪ್‌ನದಲ್ಲ, ಕಾರ್ಯಾಚರಣ ವ್ಯವಸ್ಥೆಯದು. ಅಕ್ಷರವಿನ್ಯಾಸದ ಕಡತವೂ ಅದರದೇ. ಫೋನಿನ ಒಳಗೆ ಅದಿಲ್ಲವೆಂದರೆ ನೀವು ಎಷ್ಟು ಹೊಸ ಆಪ್ ಹಾಕಿಕೊಂಡರೂ ಸಾಮಾನ್ಯವಾಗಿ ಪ್ರಯೋಜನವಿರಲಿಲ್ಲ.

2012ರ ಜುಲೈ ತಿಂಗಳಲ್ಲಿ ಬಂದ 4.1ನೆಯ ಆವೃತ್ತಿ, ಜೆಲ್ಲಿಬೀನ್, ಕನ್ನಡ, ತೆಲುಗು, ಮಲಯಾಳಂ ಲಿಪಿಗಳಿಗೆ ಬೆಂಬಲವನ್ನು ಸೇರಿಸಿತು. ಕಾಗದದ ಮೇಲೆ ಸಮಸ್ಯೆ ಮುಗಿಯಿತು. ಆದರೆ ಆ ತಿಂಗಳಿನ ಗೂಗಲ್ ಲೆಕ್ಕದಲ್ಲೇ ಜಗತ್ತಿನ ಆಂಡ್ರಾಯ್ಡ್ ಸಾಧನಗಳಲ್ಲಿ ಶೇಕಡ 60ಕ್ಕೂ ಹೆಚ್ಚಿನವು 2010ರ ಜಿಂಜರ್‌ಬ್ರೆಡ್ ಆವೃತ್ತಿಯಲ್ಲಿದ್ದವು. ಅವುಗಳಲ್ಲಿ ಬಹುಪಾಲು ಜೆಲ್ಲಿಬೀನ್ ಕಾಣಲೇ ಇಲ್ಲ. ಕೆಲವು ತಯಾರಕರು ತಮ್ಮದೇ ರೀತಿಯಲ್ಲಿ ಭಾರತೀಯ ಲಿಪಿಗಳನ್ನು ಸೇರಿಸಿದ್ದುಂಟು; ಹಲವರು ಸೇರಿಸಿರಲಿಲ್ಲ. ಜನ ತಮ್ಮದೇ ಉಪಾಯ ಕಂಡುಕೊಂಡರು. ಒಪೇರಾ ಮಿನಿ ಎಂಬ ಬ್ರೌಸರಿನ ಒಂದು ಗುಪ್ತ ಪುಟದಲ್ಲಿ ಆಯ್ಕೆಯೊಂದನ್ನು ಬದಲಿಸಿದರೆ ಅಕ್ಷರಗಳು ದೂರದ ಸರ್ವರಿನಲ್ಲೇ ಚಿತ್ರಗಳಾಗಿ ಮಾರ್ಪಟ್ಟು ಬರುತ್ತಿದ್ದವು. ಸ್ವಂತ ಭಾಷೆಯನ್ನು ಓದಲು ಅದನ್ನು ಚಿತ್ರವಾಗಿ ತರಿಸಿಕೊಳ್ಳಬೇಕಾದ ಸ್ಥಿತಿ. ಫೋನಿನ ಆಜ್ಞೆಗಳೂ ಪಟ್ಟಿಗಳೂ ಕನ್ನಡದಲ್ಲಿ ದೊರೆತದ್ದು 2014ರ ನವೆಂಬರಿನ 5.0 ಆವೃತ್ತಿಯಲ್ಲಿ, ಅದು ಒಟ್ಟಿಗೆ ಸೇರಿಸಿದ ಹದಿನೈದು ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಹಳೆಯ ಫೋನಿನವರಿಗೆ ಇದೂ ದಕ್ಕಲಿಲ್ಲ. ರೂಪಾಯಿಯ ಹೊಸ ಚಿಹ್ನೆಯ ಕಥೆಯೂ ಇದೇ. ಭಾರತ ಸರಕಾರ ಅದನ್ನು 2010ರ ಜುಲೈಯಲ್ಲಿ ಒಪ್ಪಿತು, ಅದೇ ವರ್ಷ ಯೂನಿಕೋಡ್ ಸ್ಥಾನ ಕೊಟ್ಟಿತು, ಹಳೆಯ ಫೋನುಗಳಲ್ಲಿ ಅದು ವರ್ಷಗಟ್ಟಲೆ ಖಾಲಿ ಚೌಕವಾಗಿಯೇ ಉಳಿಯಿತು.

ಎರಡು ದಿನದ ತೇಪೆ

ಲಿಪಿ ಕಾಣದಿದ್ದರೆ ಕಣ್ಣಿಗೆ ಗೊತ್ತಾಗುತ್ತದೆ. ಭದ್ರತೆಯ ಕೊರತೆ ಗೊತ್ತಾಗುವುದಿಲ್ಲ. 2015ರಲ್ಲಿ ಜಿಂಪೀರಿಯಂ ಕಂಪನಿಯ ಜೋಶುವಾ ಡ್ರೇಕ್ ಆಂಡ್ರಾಯ್ಡಿನ ಸ್ಟೇಜ್‌ಫ್ರೈಟ್ ಎಂಬ ಮಾಧ್ಯಮ ಗ್ರಂಥಾಲಯದಲ್ಲಿ ಗಂಭೀರ ದೋಷಗಳನ್ನು ಕಂಡುಹಿಡಿದರು. ವಿಡಿಯೊ ಕಡತದ ಪ್ರತಿಯೊಂದು ತುಂಡಿನ ಆರಂಭದಲ್ಲಿ ಅದರ ಗಾತ್ರವನ್ನು ಬರೆದಿರುತ್ತದೆ. ಆ ಸಂಖ್ಯೆಯನ್ನು ಬೇಕೆಂದೇ ವಿಪರೀತ ದೊಡ್ಡದಾಗಿ ಬರೆದರೆ, ಅದನ್ನು ಹಿಡಿದಿಡುವ ಬಿಟ್‌ಗಳು ಸಾಲದೆ ಕೂಡಿದ ಮೊತ್ತ ಸೊನ್ನೆಯ ಹತ್ತಿರಕ್ಕೆ ಸುತ್ತಿ ಬರುತ್ತದೆ. ಹಳೆಯ ಸ್ಕೂಟರಿನ ದೂರಮಾಪಕ 99999ರ ಬಳಿಕ 00000ಕ್ಕೆ ಮರಳುವ ಹಾಗೆ. ಆಗ ಚಿಕ್ಕ ಜಾಗವನ್ನು ಕಾಯ್ದಿರಿಸಿ ದೊಡ್ಡ ದತ್ತಾಂಶವನ್ನು ಸುರಿಯಲಾಗುತ್ತದೆ. ಹೊರಚೆಲ್ಲಿದ ಭಾಗ ಪಕ್ಕದ ಸ್ಮೃತಿಯನ್ನು ತುಳಿದುಹಾಕುತ್ತದೆ. ಕೇವಲ ಒಂದು ಮಲ್ಟಿಮೀಡಿಯಾ ಸಂದೇಶದಿಂದ, ಬಳಕೆದಾರ ಅದನ್ನು ತೆರೆಯದೆಯೇ, ಫೋನಿನೊಳಗೆ ನುಸುಳಲು ಇಷ್ಟು ಸಾಕಾಗಿತ್ತು. ಅಪಾಯದಲ್ಲಿದ್ದ ಸಾಧನಗಳು ಸುಮಾರು 95 ಕೋಟಿ ಎಂದು ಆ ಕಂಪನಿ ಅಂದಾಜು ಮಾಡಿತು.

ಡ್ರೇಕ್ ದೋಷದ ಜೊತೆಗೆ ತಿದ್ದುಪಡಿಯನ್ನೂ ಬರೆದು ಕಳಿಸಿದ್ದರು. ಗೂಗಲ್ 48 ಗಂಟೆಗಳೊಳಗೆ ಅದನ್ನು ತನ್ನ ಆಂತರಿಕ ಸಂಕೇತಕ್ಕೆ ಸೇರಿಸಿತು. ಅದು ಆ ವರ್ಷದ ವಸಂತದ ಮಾತು. ಜುಲೈ ಕೊನೆಗೆ ಸುದ್ದಿ ಬಹಿರಂಗವಾದಾಗಲೂ ಬಹುತೇಕ ಫೋನುಗಳು ಹಾಗೆಯೇ ಇದ್ದವು. ತೇಪೆ ಹೊಲಿಯಲು ಎರಡು ದಿನ. ತೊಡಿಸಲು ತಿಂಗಳುಗಳು, ಇಲ್ಲವೇ ಎಂದೂ ಇಲ್ಲ. ತೊಂದರೆ ಜ್ಞಾನದ ಕೊರತೆಯದಲ್ಲ, ವಿತರಣೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಅದೇ ವರ್ಷ ಕೇಂಬ್ರಿಜ್ ವಿಶ್ವವಿದ್ಯಾಲಯದ ಡೇನಿಯಲ್ ಥಾಮಸ್, ಆಲಸ್ಟೇರ್ ಬೆರೆಸ್ಫರ್ಡ್, ಆಂಡ್ರೂ ರೈಸ್ ಅವರು 20,000ಕ್ಕೂ ಹೆಚ್ಚು ಸಾಧನಗಳ ದತ್ತಾಂಶವನ್ನು ವಿಶ್ಲೇಷಿಸಿದರು. 2011ರಿಂದ 2015ರ ಅವಧಿಯಲ್ಲಿ, ಸರಾಸರಿ ಶೇಕಡ 87.7ರಷ್ಟು ಸಾಧನಗಳು ತಿಳಿದಿರುವ 11 ಗಂಭೀರ ದೋಷಗಳಲ್ಲಿ ಕನಿಷ್ಠ ಒಂದಕ್ಕಾದರೂ ತೆರೆದುಕೊಂಡಿದ್ದವು. ಒಂದು ಸಾಧನಕ್ಕೆ ವರ್ಷಕ್ಕೆ ಸರಾಸರಿ 1.26 ಪರಿಷ್ಕರಣೆ ಬರುತ್ತಿತ್ತು.

ಸ್ಟೇಜ್‌ಫ್ರೈಟ್ ಗಲಾಟೆಯ ಬಳಿಕ, 2015ರ ಆಗಸ್ಟ್‌ನಿಂದ, ಪ್ರತಿ ತಿಂಗಳ ಭದ್ರತಾ ತೇಪೆಯ ಪದ್ಧತಿ ಬಂತು. ನೀವು ಚೀಟಿಯಲ್ಲಿ ಬರೆದುಕೊಂಡ ದಿನಾಂಕ ಅದರ ಫಲವೇ. ಅದನ್ನು ಪೂರ್ತಿ ನಂಬಬಹುದೇ? 2018ರಲ್ಲಿ ಬರ್ಲಿನ್ನಿನ ಸೆಕ್ಯೂರಿಟಿ ರಿಸರ್ಚ್ ಲ್ಯಾಬ್ಸ್‌ನ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ 1,200 ಫೋನುಗಳ ಒಳತಂತ್ರಾಂಶವನ್ನು ಪರಿಶೀಲಿಸಿ, ದಿನಾಂಕ ಮುಂದಕ್ಕೆ ಹೋಗಿದ್ದರೂ ಒಳಗೆ ತೇಪೆಗಳೇ ಇಲ್ಲದ ಹಲವು ಫೋನುಗಳನ್ನು ತೋರಿಸಿದರು. ಕೆಲವು ಕಡೆ ಚಿಪ್ ತಯಾರಕರಿಂದಲೇ ತೇಪೆ ಬಂದಿರಲಿಲ್ಲ. ಪ್ರಯೋಗ ಮಾಡದೆ ದಾಖಲೆ ಪುಸ್ತಕದಲ್ಲಿ ಅಂಕಿ ಬರೆದ ವಿದ್ಯಾರ್ಥಿಯನ್ನು ನಾವು ಏನು ಮಾಡುತ್ತೇವೆ?

ಹಳೆಯ ಯಂತ್ರಾಂಶವೆಂಬ ನೆಪ

ಪರಿಷ್ಕರಣೆ ನಿಂತದ್ದೇಕೆ ಎಂದು ಮಳಿಗೆಯಲ್ಲಿ ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ಹಾರ್ಡ್‌ವೇರ್ ಹಳೆಯದಾಯಿತು, ಹೊಸದು ಅದರಲ್ಲಿ ಓಡುವುದಿಲ್ಲ." ಈ ಮಾತನ್ನು ಸ್ವಲ್ಪ ತೂಗಿ ನೋಡೋಣ. ಸ್ಮೃತಿ ಸಾಲದ ಫೋನುಗಳು ನಿಜಕ್ಕೂ ಇವೆ. ಬ್ಯಾಟರಿ ಸವೆಯುತ್ತದೆ ಎಂಬುದೂ ನಿಜ. ಲಿಥಿಯಂ ಅಯಾನ್ ಕೋಶದ ಸಾಮರ್ಥ್ಯ ಕೆಲವು ನೂರು ಆವೇಶ ಚಕ್ರಗಳ ಬಳಿಕ ಕುಗ್ಗುತ್ತದೆ. ಆದರೆ ಸಿಲಿಕಾನ್ ಚಿಪ್ ಮೂರು ವರ್ಷಕ್ಕೆ ಮುದಿಯಾಗುವ ವಸ್ತುವಲ್ಲ.

2011ರ ಕೊನೆಗೆ ಬಂದ ಗ್ಯಾಲಕ್ಸಿ ನೆಕ್ಸಸ್ ಗೂಗಲ್ಲಿನದೇ ಮಾನಕ ಫೋನು. ಎರಡು ವರ್ಷ ತುಂಬುವ ಹೊತ್ತಿಗೆ, 2013ರಲ್ಲಿ, ಅದಕ್ಕೆ 4.4 ಆವೃತ್ತಿ ಇಲ್ಲ ಎಂದಾಯಿತು; ಹದಿನೆಂಟು ತಿಂಗಳ ಅವಧಿ ಮುಗಿದಿದೆ ಎಂಬುದು ಕೊಟ್ಟ ಕಾರಣ. ವಿಪರ್ಯಾಸವೆಂದರೆ 4.4ರ ಹೆಗ್ಗಳಿಕೆಯೇ ಕಡಿಮೆ ಸ್ಮೃತಿಯ ಫೋನುಗಳಲ್ಲೂ ಓಡುತ್ತದೆ ಎಂಬುದು! ಆ ಫೋನಿನ ಚಿಪ್ ತಯಾರಿಸಿದ್ದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಅದಕ್ಕೆ ಒಂದು ವರ್ಷ ಮೊದಲೇ ಮೊಬೈಲ್ ಚಿಪ್ಪಿನ ವ್ಯಾಪಾರದಿಂದ ಹಿಂದೆ ಸರಿದಿತ್ತು. 2016ರಲ್ಲಿ ಸೋನಿಯ ಎಕ್ಸ್‌ಪೀರಿಯಾ ಜ಼ೆಡ್3 ಫೋನಿನಲ್ಲಿ ಆಂಡ್ರಾಯ್ಡ್ 7ರ ಪರೀಕ್ಷಾ ಆವೃತ್ತಿ ಓಡುತ್ತಿತ್ತು. ಅಂತಿಮ ಆವೃತ್ತಿ ಅದಕ್ಕೆ ಬರಲೇ ಇಲ್ಲ. ಓಡುತ್ತಿದ್ದ ಯಂತ್ರ ಒಂದೇ ಬೇಸಗೆಯಲ್ಲಿ ಮುದಿಯಾಯಿತೆ?

ಇದಕ್ಕೆ ಉತ್ತರ ಕೊಟ್ಟದ್ದು ಫೇರ್‌ಫೋನ್ ಎಂಬ ನೆದರ್ಲೆಂಡಿನ ಪುಟ್ಟ ಕಂಪನಿ. ಅದು 2015ರ ಕೊನೆಯಲ್ಲಿ ಮಾರಿದ ಫೇರ್‌ಫೋನ್ 2ರಲ್ಲಿ ಇದ್ದದ್ದು ಜ಼ೆಡ್3ರಲ್ಲಿದ್ದ ಅದೇ ಸ್ನ್ಯಾಪ್‌ಡ್ರಾಗನ್ 801 ಚಿಪ್. ಆಂಡ್ರಾಯ್ಡ್ 6ರ ಬಳಿಕ ಕ್ವಾಲ್‌ಕಾಮ್ ಅದಕ್ಕೆ ಬೆಂಬಲ ನಿಲ್ಲಿಸಿತು. ಫೇರ್‌ಫೋನಿನವರು ಸ್ವಯಂಸೇವಕ ತಂತ್ರಜ್ಞರ ಕೆಲಸದ ನೆರವು ಪಡೆದು 2018ರಲ್ಲಿ ಆಂಡ್ರಾಯ್ಡ್ 7, 2021ರಲ್ಲಿ ಆಂಡ್ರಾಯ್ಡ್ 9, ಮುಂದೆ 10 ಕೊಟ್ಟರು. 2023ರ ಮಾರ್ಚಿ ವರೆಗೆ ಫೋನನ್ನು ಸಾಕಿದರು. ಏಳು ವರ್ಷ! ಕಷ್ಟ ಬಹಳ ಇತ್ತು, ವಿಳಂಬವೂ ಇತ್ತು. ಆದರೆ ಅಸಾಧ್ಯ ಎಂದು ದೊಡ್ಡವರು ಹೇಳಿದ್ದು ಅಸಾಧ್ಯವಾಗಿರಲಿಲ್ಲ.

ಅಗ್ಗದ ಫೋನಿಗೆ ಇದೆಲ್ಲ ಕಟ್ಟುಬೀಳುವುದಿಲ್ಲ ಎಂಬ ಇನ್ನೊಂದು ವಾದವಿದೆ. ಅದಕ್ಕೆ ನಮ್ಮ ದೇಶದಲ್ಲೇ ನಡೆದ ಪ್ರಯೋಗ ಉತ್ತರ ಹೇಳುತ್ತದೆ. 2014ರ ಸೆಪ್ಟೆಂಬರಿನಲ್ಲಿ ಗೂಗಲ್ ಭಾರತದಲ್ಲಿ ಆಂಡ್ರಾಯ್ಡ್ ಒನ್ ಯೋಜನೆಯನ್ನು ಆರಂಭಿಸಿತು. ಮೈಕ್ರೋಮ್ಯಾಕ್ಸ್, ಕಾರ್ಬನ್, ಸ್ಪೈಸ್ ಈ ಮೂರು ಕಂಪನಿಗಳು ಒಂದೇ ಮೀಡಿಯಾಟೆಕ್ ಚಿಪ್ಪಿನ, ಹೊದಿಕೆಯಿಲ್ಲದ ಆಂಡ್ರಾಯ್ಡಿನ ಫೋನುಗಳನ್ನು ಆರು ಸಾವಿರದ ಆಸುಪಾಸಿನ ಬೆಲೆಗೆ ತಂದವು. ತಂತ್ರಾಂಶ ನೇರವಾಗಿ ಗೂಗಲ್ಲಿನಿಂದ ಬರುತ್ತಿತ್ತು. 4.4ರಲ್ಲಿ ಹುಟ್ಟಿದ ಆ ಫೋನುಗಳಿಗೆ ಒಂದೇ ವರ್ಷದ ಬಳಿಕ 6.0 ತಲುಪಿತು. ಆಗ ಅವುಗಳ ಹಲವು ಪಟ್ಟು ಬೆಲೆಯ ಅನೇಕ ಫೋನುಗಳು ಇನ್ನೂ ಕಾಯುತ್ತಿದ್ದವು. ವಿನ್ಯಾಸ ಏಕರೂಪವಾಗಿ, ಹೊಣೆ ಒಬ್ಬರದಾದರೆ ಬೆಲೆ ಅಡ್ಡಿಯಲ್ಲ ಎಂದು ಅಷ್ಟರಿಂದಲೇ ಗೊತ್ತಾಗುತ್ತದೆ. ಯೋಜನೆ ಮಾರುಕಟ್ಟೆಯಲ್ಲಿ ಹೆಚ್ಚು ದಿನ ಆ ರೂಪದಲ್ಲಿ ನಿಲ್ಲಲಿಲ್ಲ. ತಮ್ಮ ಫೋನು ಪಕ್ಕದವರ ಫೋನಿನಂತೆಯೇ ಕಾಣುವುದು ಯಾವ ತಯಾರಕರಿಗೆ ಇಷ್ಟ?

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ಗೂಗಲ್‌ಗೆ ತಯಾರಕರ ಮೇಲೆ ಹಿಡಿತ ಇರಲಿಲ್ಲ ಎನ್ನುವಂತಿಲ್ಲ. ಗೂಗಲ್ಲಿನ ಆಪ್‌ಗಳು ಬೇಕಾದ ತಯಾರಕರು ಆಂಡ್ರಾಯ್ಡಿನ ಕವಲುರೂಪಗಳ ಫೋನು ಮಾರಬಾರದೆಂಬ ಕರಾರಿಗೆ ಸಹಿ ಹಾಕಬೇಕಿತ್ತು. ಅದರ ಹೆಸರೇ ಛಿದ್ರೀಕರಣ ವಿರೋಧಿ ಒಪ್ಪಂದ! 2018ರಲ್ಲಿ ಯುರೋಪಿಯನ್ ಆಯೋಗ ಗೂಗಲ್ಲಿಗೆ 434 ಕೋಟಿ ಯೂರೋ ದಂಡ ವಿಧಿಸಿದಾಗಲೂ, 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ 1,337.76 ಕೋಟಿ ರೂಪಾಯಿ ದಂಡ ವಿಧಿಸಿದಾಗಲೂ ಈ ಒಪ್ಪಂದ ಆಕ್ಷೇಪಿತ ಸಂಗತಿಗಳಲ್ಲಿ ಒಂದಾಗಿತ್ತು. ಪ್ರತಿಸ್ಪರ್ಧಿ ಹುಟ್ಟದಂತೆ ನೋಡಿಕೊಳ್ಳಲು ಕರಾರು ಇತ್ತು. ಬಳಕೆದಾರರಿಗೆ ತೇಪೆ ತಲುಪಿಸಲು? 2011ರಲ್ಲಿ ಹದಿನೆಂಟು ತಿಂಗಳ ಪರಿಷ್ಕರಣೆಯ ಭರವಸೆಯನ್ನು ಸಮ್ಮೇಳನದ ವೇದಿಕೆಯಿಂದ ಘೋಷಿಸಿ, ಅದು ಸದ್ದಿಲ್ಲದೆ ಕರಗಿಹೋಗಲು ಬಿಡಲಾಯಿತು. ಜನಪ್ರಿಯ ಮಾದರಿಗಳಿಗೆ ಎರಡು ವರ್ಷ ಭದ್ರತಾ ತೇಪೆ, ಮೊದಲ ವರ್ಷದಲ್ಲಿ ಕನಿಷ್ಠ ನಾಲ್ಕು ಎಂಬ ಷರತ್ತು ಕರಾರಿನಲ್ಲಿ ಸೇರಿದ್ದು ಬೆಳಕಿಗೆ ಬಂದುದು 2018ರಲ್ಲಿ. ಮೊದಲ ಆಂಡ್ರಾಯ್ಡ್ ಫೋನು ಬಂದ ಹತ್ತು ವರ್ಷಗಳ ಮೇಲೆ.

ತಾಂತ್ರಿಕ ಪರಿಹಾರಗಳು ಬಂದಿವೆ, ಒಪ್ಪಬೇಕು. 2017ರ ಟ್ರೆಬಲ್ ಯೋಜನೆ ಆಂಡ್ರಾಯ್ಡಿನ ಮೇಲುಭಾಗಕ್ಕೂ ಚಿಪ್ಪಿಗೆ ಅಂಟಿದ ಕೆಳಭಾಗಕ್ಕೂ ನಡುವೆ ಸ್ಥಿರವಾದ ಗಡಿ ಹಾಕಿತು. 2019ರ ಮೇನ್‌ಲೈನ್ ಕೆಲವು ಭಾಗಗಳನ್ನು ಆಪ್‌ಗಳಂತೆ ನೇರವಾಗಿ ಬದಲಿಸುವ ದಾರಿ ತೆರೆಯಿತು. ಅಳೆಯುವುದು ಮಾತ್ರ ಕಷ್ಟವಾಯಿತು. 2018ರ ಆಗಸ್ಟಿನಲ್ಲಿ ಬಂದ ಆವೃತ್ತಿ 9, ಅಕ್ಟೋಬರ್ ಕೊನೆಯ ಕೋಷ್ಟಕದಲ್ಲಿ ಸ್ಥಾನ ಪಡೆಯಲು ಬೇಕಾದ ಶೇಕಡ 0.1ನ್ನೂ ಮುಟ್ಟಿರಲಿಲ್ಲ, 2019ರ ಮೇ ತಿಂಗಳಲ್ಲಿ ಶೇಕಡ 10.4 ಆಗಿತ್ತು. ಆಮೇಲೆ ಗೂಗಲ್ ಆ ಸಾರ್ವಜನಿಕ ಕೋಷ್ಟಕದ ನಿಯತ ಪ್ರಕಟಣೆಯನ್ನೇ ನಿಲ್ಲಿಸಿತು. ಜ್ವರಮಾಪಕವನ್ನು ಕಪಾಟಿನಲ್ಲಿಟ್ಟರೆ ಜ್ವರ ಇಳಿಯುವುದಿಲ್ಲ.

ಹಳೆಯ ಫೋನುಗಳ ಭಾರವನ್ನು ಹೊರಗಿನವರು ಹೊತ್ತದ್ದೂ ಇದೆ. ಜಾಲತಾಣಗಳಿಗೆ ಉಚಿತವಾಗಿ ಭದ್ರತಾ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಮೂಲ ಪ್ರಮಾಣಪತ್ರ 7.1.1ಕ್ಕಿಂತ ಹಳೆಯ ಆಂಡ್ರಾಯ್ಡಿನ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಆಸರೆಯಾಗಿದ್ದ ಬೇರೊಂದು ಮೂಲಪತ್ರದ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಲಿತ್ತು. 2020ರ ಅಂದಾಜಿನಂತೆ ಶೇಕಡ 33.8ರಷ್ಟು ಆಂಡ್ರಾಯ್ಡ್ ಸಾಧನಗಳು ಆ ಹಳೆಯ ಗುಂಪಿನವು. ಅಸಂಖ್ಯ ತಾಣಗಳು ಅವುಗಳಲ್ಲಿ ತೆರೆಯದೆ ಹೋಗುತ್ತಿದ್ದವು. ಕೊನೆಗೆ ಪಾರು ಮಾಡಿದ್ದು ಒಂದು ಚಮತ್ಕಾರ. ಮೂಲಪತ್ರದ ಅವಧಿ ಮುಗಿದಿದೆಯೇ ಎಂದು ಆಂಡ್ರಾಯ್ಡ್ ಪರೀಕ್ಷಿಸುವುದಿಲ್ಲ. ಆ ಸಡಿಲಿಕೆಯನ್ನೇ ಬಳಸಿ ಇನ್ನು ಮೂರು ವರ್ಷ ಎಳೆದರು. ಒಂದು ಪಟ್ಟಿಗೆ ಒಂದು ಸಾಲು ಸೇರಿಸುವ ಕೆಲಸ ಅದಾಗಿತ್ತು.

ಪರಿಷ್ಕರಣೆ ಬಂದರೂ ಹಾಕಿಕೊಳ್ಳಲು ಹೆದರುವವರಿದ್ದಾರೆ. ಫೋನು ನಿಧಾನವಾಗುತ್ತದೆ ಎಂಬ ಅಳುಕು. ಅದು ಪೂರಾ ಭ್ರಮೆಯಲ್ಲ. ತಂತ್ರಾಂಶವೂ ಯಂತ್ರಾಂಶವೂ ಒಂದೇ ಕೈಯಲ್ಲಿರುವ ಆಪಲ್, 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಭದ್ರತಾ ತೇಪೆ ಕೊಟ್ಟಿತು. ಅದೇ ಆಪಲ್ ಬ್ಯಾಟರಿ ಹಳೆಯದಾದ ಫೋನುಗಳ ವೇಗವನ್ನು 2017ರ ಪರಿಷ್ಕರಣೆಯೊಂದರಲ್ಲಿ ಹೇಳದೆ ಕೇಳದೆ ತಗ್ಗಿಸಿ, 2020ರಲ್ಲಿ ಫ್ರಾನ್ಸಿಗೆ ಎರಡೂವರೆ ಕೋಟಿ ಯೂರೋ ದಂಡ ತೆತ್ತಿತು.

ಕಾನೂನು ಈಚೆಗೆ ಎಚ್ಚೆತ್ತಿದೆ. ನೆದರ್ಲೆಂಡಿನ ಗ್ರಾಹಕರ ಸಂಘ 2016ರಲ್ಲಿ ಸ್ಯಾಮ್‌ಸಂಗ್ ವಿರುದ್ಧ ಹೂಡಿದ ದಾವೆ 2018ರಲ್ಲಿ ಬಿದ್ದುಹೋಯಿತು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ಭದ್ರತಾ ಪರಿಷ್ಕರಣೆ ಕನಿಷ್ಠ ಎಲ್ಲಿಯ ವರೆಗೆ ಎಂಬುದನ್ನು ತಯಾರಕರು ಪ್ರಕಟಿಸಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಅನ್ವಯವಾದ ನಿಯಮ, ಮಾದರಿಯನ್ನು ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿದ ದಿನದಿಂದ ಕನಿಷ್ಠ 5 ವರ್ಷ ಪರಿಷ್ಕರಣೆಗಳು ಉಚಿತವಾಗಿ ಸಿಗಬೇಕೆನ್ನುತ್ತದೆ. ಆದರೆ ಆ ವಾಕ್ಯದಲ್ಲಿ 'ಒದಗಿಸುವುದಾದರೆ' ಎಂಬ ಅರ್ಥದ ಒಂದು ಮಾತು ಸೇರಿಕೊಂಡಿದೆ. ಅಡ್ಡಗೋಡೆಯ ಮೇಲಿನ ದೀಪ! ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಭರವಸೆ ಕೊಟ್ಟವು. ಒಳ್ಳೆಯದೇ. ಅವು ನನ್ನ ವಿದ್ಯಾರ್ಥಿಗಳು ಕೊಳ್ಳುವ ಫೋನುಗಳಲ್ಲ. ಐದಾರು ವರ್ಷ ಒಂದೇ ಫೋನನ್ನು, ಅಣ್ಣನಿಂದ ತಂಗಿಗೆ ದಾಟಿಸಿಕೊಂಡು ಬಳಸುವವರು ಕೊಳ್ಳುವುದು ಅಗ್ಗದ್ದನ್ನು. ಹೆಚ್ಚು ಕಾಲ ಬಳಸುವವರಿಗೆ ಕಡಿಮೆ ಕಾಲದ ರಕ್ಷಣೆ.

ನಮ್ಮಲ್ಲಿ ಫೋನಿನ ಪೆಟ್ಟಿಗೆಯ ಮೇಲೆ ಗರಿಷ್ಠ ಮಾರಾಟ ಬೆಲೆ ಇರುತ್ತದೆ, ತಯಾರಾದ ತಿಂಗಳು ಮತ್ತು ವರ್ಷ ಇರುತ್ತದೆ. ದೇಹ ಹೀರಿಕೊಳ್ಳುವ ರೇಡಿಯೊ ಶಕ್ತಿಯ ಪ್ರಮಾಣ ಕಿಲೊಗ್ರಾಮಿಗೆ 1.6 ವ್ಯಾಟ್ ಮೀರಬಾರದೆಂಬ ನಿಯಮ 2012ರಿಂದ ಇದೆ. ಆ ಅಂಕಿಯನ್ನೂ ತಿಳಿಸುತ್ತಾರೆ. ಪರಿಷ್ಕರಣೆ ನಿಲ್ಲುವ ದಿನಾಂಕವನ್ನು ಮಾತ್ರ ನಾನು ನೋಡಿದ ಯಾವ ಪೆಟ್ಟಿಗೆಯ ಮೇಲೂ ಕಂಡಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ಸಲ್ಲಿಕೆಯಾದ ದುರಸ್ತಿ ಸೂಚ್ಯಂಕದ ವರದಿ ತಂತ್ರಾಂಶ ಪರಿಷ್ಕರಣೆಯನ್ನೂ ಒಂದು ಮಾನದಂಡವಾಗಿ ಪರಿಗಣಿಸಿದೆ. ಬಿಡಿಭಾಗ, ತಿರುಪು, ಉಪಕರಣಗಳ ಅಂಕಗಳ ಜೊತೆ ಬೆರೆಸಿ ಬರುವ ಒಂದು ಸಂಖ್ಯೆಗಿಂತ, ಬ್ರೆಡ್ಡಿನ ಪೊಟ್ಟಣದ ಮೇಲಿರುವಂಥ ನೇರವಾದ ಒಂದು ದಿನಾಂಕ ಕೊಳ್ಳುವವರಿಗೆ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಆ ಹುಡುಗಿ ಈ ವರ್ಷ ಹೊಸ ಫೋನು ಕೊಂಡಳು. ಬ್ಯಾಂಕಿನ ಆಪ್ ಹಳೆಯದರಲ್ಲಿ ಓಡದಾಗಿತ್ತಂತೆ. ಹಳೆಯ ಫೋನನ್ನು ಪ್ರಯೋಗಾಲಯಕ್ಕೆ ಕೊಟ್ಟುಹೋದಳು. ಸಿಮ್ ತೆಗೆದು, ಅಂತರಜಾಲದ ಸಂಪರ್ಕ ಕಡಿದು, ಅದನ್ನು ಲೋಲಕದ ಗುಂಡಿನ ಜಾಗದಲ್ಲಿ ಎರಡು ದಾರಗಳಿಂದ ತೂಗುಹಾಕಿದ್ದೇವೆ. ಅದರೊಳಗಿನ ಸಿಲಿಕಾನ್ ಸ್ಪ್ರಿಂಗಿಗೆ ಕಟ್ಟಿದ ಧೂಳಿನ ಕಣದಷ್ಟು ದ್ರವ್ಯ ಈಗಲೂ ಅತ್ತಿತ್ತ ಬಾಗಿ ಸೆಕೆಂಡಿಗೆ ನೂರು ಬಾರಿ ಅಳತೆ ಕೊಡುತ್ತಿದೆ.